ಅರ್ಧಕ್ಕೆ ಬಿಡಬಾರದ ಮಾತ್ರೆ

ಅವತ್ತು ಇಸ್ತ್ರಿಯವನು ಚೆನ್ನಾಗೇ ಇದ್ದ. ನಲವತ್ತು ಅಂಗಿ ಇಸ್ತ್ರಿ ಮಾಡಿ, ಗಂಟು ಕಟ್ಟಿ, ಮನೆಮನೆಗೆ ಕೊಟ್ಟು ಬಂದ. ಕಾಲಿನ ಹೆಬ್ಬೆರಳಿಗೆ ಉಗುರುಸುತ್ತು ಆಗಿ ಎಂಟು ದಿನದಿಂದ ಆ್ಯಂಟಿಬಯಾಟಿಕ್ ಮಾತ್ರೆ ನುಂಗುತ್ತಿದ್ದ. ಕೀವು ಒಣಗಿತ್ತು. ಇನ್ನೆರಡು ದಿನದ ಮಾತ್ರೆ ಉಳಿದಿತ್ತು.

ಮಾರನೇ ದಿನ ಅವನ ಎದೆ, ಕತ್ತು ಕೆಂಪಾದವು. ಹೆಂಡತಿ ನೋಡಿ ನಕ್ಕಳು.

"ದಿನವಿಡೀ ಕೆಂಡದ ಪೆಟ್ಟಿಗೆ ಮೇಲೆ ಬಗ್ಗಿದ್ರೆ ಕೆಂಪಾಗದೆ ಬೆಳ್ಳಗಾಗ್ತೀರಾ?"

ಪ್ರತಿ ಬೇಸಿಗೆಯಲ್ಲೂ ಅವನಿಗೆ ಹಾಗಾಗುತ್ತಿತ್ತು. ಒದ್ದೆ ಬಟ್ಟೆ ಹಾಕಿದಳು.

ಸಂಜೆಗೆ ತುಟಿಯೊಳಗೆ ಹುಣ್ಣು, ಕಣ್ಣುರಿ, ಜ್ವರ.

"ಈ ಮಾತ್ರೆ ಯಾಕೋ ಆಗ್ತಿಲ್ಲ ಕಣೆ. ಬಿಟ್ಟುಬಿಡ್ತೀನಿ."

"ಅದೆಲ್ಲ ನಡೆಯಲ್ಲ. ಅರ್ಧಕ್ಕೆ ಬಿಟ್ರೆ ಡಾಕ್ಟರು ಬೈಯೋದು ನಿಮಗಲ್ಲ, ನನಗೆ."

ಹೋದ ವರ್ಷ ತನ್ನ ಮಾತ್ರೆ ಅರ್ಧಕ್ಕೆ ಬಿಟ್ಟು ಎಲ್ಲರೆದುರು ಉಗಿಸಿಕೊಂಡಿದ್ದಳು. ಕಲಿತಿದ್ದು ಅದೊಂದೇ ಪಾಠ. ಅದನ್ನೇ ಹಿಡಿದಳು.

"ನಿನ್ನ ಸೊಸೆ ಪೊಲೀಸಾಗಬೇಕಿತ್ತಮ್ಮ," ಎಂದು ಅವನು ತಾಯಿಗೆ ದೂರಿದ. ಅವನು ನುಂಗುವವರೆಗೂ ಇವಳು ಎದುರಿಗೇ ನಿಂತಳು.

ಬೆಳಗ್ಗೆ ಬೆನ್ನು ಒರೆಸಿದಾಗ ಚರ್ಮ ಬಟ್ಟೆಗಂಟಿ ಬಂತು.

ಚರ್ಮ ಸುಲಿದಿದ್ದರಿಂದ ಆಸ್ಪತ್ರೆಯಲ್ಲಿ ಸುಟ್ಟವರ ವಾರ್ಡಿಗೆ ಹಾಕಿದರು. ಹೊರಗೆ ಕೂತಿದ್ದ ಇನ್ನೊಬ್ಬಳು ಗಂಡನ ಕೆಲಸ ಏನೆಂದು ತಿಳಿದು ಕೇಳಿದಳು: "ಇಸ್ತ್ರಿ ಪೆಟ್ಟಿಗೆ ಮೈಮೇಲೆ ಬಿತ್ತಾ ಅಕ್ಕಾ?"

ಹೂಂ ಅಂದುಬಿಟ್ಟಳು. ನಾನೇ ಮಾತ್ರೆ ನುಂಗಿಸಿದೆ ಅನ್ನಲು ಬಾಯಿ ಬರಲಿಲ್ಲ.

ಗಾಜಿನ ಬಾಗಿಲು ಹಾಕಿತ್ತು. ನಂಜಾಗುತ್ತೆ ಅಂತ ಒಳಗೆ ಬಿಡಲಿಲ್ಲ. ಹನ್ನೊಂದು ದಿನ ಆ ಬಾಗಿಲಿಗೇ ಆತು ಕೂತಳು.

"ಎಲ್ಲೋ ಲಕ್ಷಕ್ಕೊಬ್ಬರಿಗೆ ಆ ಮಾತ್ರೆ ಹೀಗೆ ತಿರುಗಿಬೀಳುತ್ತಮ್ಮ," ಎಂದರು ಡಾಕ್ಟರು. "ಮೈ ಕೆಂಪಾದ ಕೂಡಲೇ ನಿಲ್ಲಿಸಿ ಇಲ್ಲಿಗೆ ಬರಬೇಕಿತ್ತು."

"ಆಗಲೇ ನಿಲ್ಲಿಸಿದ್ರೆ ವಾಸಿಯಾಗ್ತಿತ್ತಾ?"

"ಹೇಳೋಕಾಗಲ್ಲ."

ಹೌದು ಅಂದಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು. ಇಲ್ಲ ಅಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದಳು. ಈ ಮಾತನ್ನು ಇಟ್ಟುಕೊಂಡು ಏನು ಮಾಡುವುದು?

ಹನ್ನೆರಡನೇ ದಿನ ಅವನು ಹೋದ. ಆಗ ಬಾಗಿಲು ತೆರೆದರು.

ಅತ್ತೆಗೆ ಬಿಪಿ ಮಾತ್ರೆ ಇದೆ. ಬಿಡುವ ಹಾಗಿಲ್ಲ. ಬೆಳಗ್ಗೆ ಎದ್ದ ಕೂಡಲೇ ಇವಳು ಅವರನ್ನು ಕಿಟಕಿಯ ಹತ್ತಿರ ಕೂರಿಸುತ್ತಾಳೆ. ರೆಪ್ಪೆ ಎಳೆದು ಕಣ್ಣು ನೋಡುತ್ತಾಳೆ. ಸೆರಗು ಸರಿಸಿ ಕತ್ತು ನೋಡುತ್ತಾಳೆ.

"ಆ ಅನ್ನಿ ಅತ್ತೆ."

"ಹಲ್ಲೇ ಇಲ್ಲದ ಬಾಯಲ್ಲಿ ದಿನಾ ಏನ್ ಹುಡುಕ್ತೀಯೆ?"

ತುಟಿ ಮಗುಚಿ ನೋಡುತ್ತಾಳೆ. ಆಮೇಲೆ ಮಾತ್ರೆ ಕೊಡುತ್ತಾಳೆ.