ಅಕ್ಕನ ಬಂಗು

ನಮ್ಮ ಅವ್ವ ದುಡ್ಡಿನ ವಿಷಯದಲ್ಲಿ ಮಹಾ ಬಿಗಿ. ಕಂಡಕ್ಟರ್ ಚಿಲ್ಲರೆ ಕೊಡುವುದು ಮರೆತರೆ ಕಾಗವಾಡದಿಂದ ಚಿಕ್ಕೋಡಿಯವರೆಗೂ ಅವನ ಬೆನ್ನು ಬಿಡುತ್ತಿರಲಿಲ್ಲ. ಅಂಥವಳು ಅಕ್ಕನ ಬಾಣಂತನದ ಹೊತ್ತಿನಲ್ಲಿ ಕ್ರೀಮಿನ ಡಬ್ಬಿಗಳ ಮೇಲೆ ದುಡ್ಡು ಸುರಿದದ್ದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ದುಡ್ಡು ಹೋದರೆ ಹೋಗಲಿ. ಅಷ್ಟರಲ್ಲೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಅಕ್ಕ ಚೊಚ್ಚಲ ಹೆರಿಗೆಗೆ ರಾಯಬಾಗದ ಕಡೆಯ ಗಂಡನ ಮನೆಯಿಂದ ನಮ್ಮೂರಿಗೆ ಬಂದಿದ್ದಳು. ಹೆಣ್ಣು ಕೂಸು, ಗುಂಡಗೆ, ಊರಿಗೆ ಕೇಳುವಂತೆ ಅಳುತ್ತಿತ್ತು. ಅಕ್ಕನೂ ಗಟ್ಟಿಯಾಗಿಯೇ ಇದ್ದಳು. ಆದರೆ ಬಸುರಿನಲ್ಲಿ ಅವಳ ಎರಡೂ ಕೆನ್ನೆಗೆ, ಮೂಗಿನ ಮೇಲೆ ಕಂದು ಬಂಗು ಹರಡಿತ್ತು. ಎಷ್ಟೋ ಹೆಂಗಸರಿಗೆ ಹಾಗೆ ಬರುತ್ತದೆ, ತಾನಾಗಿಯೇ ತಿಳಿಯಾಗುತ್ತದೆ, ಆಗದಿದ್ದರೂ ಯಾರೂ ಸಾಯುವುದಿಲ್ಲ. ಇದನ್ನು ಅವ್ವನಿಗೆ ಹೇಳುವ ಧೈರ್ಯ ಯಾರಿಗಿತ್ತು?

ನಮ್ಮ ಕಡೆ ಐದನೇ ತಿಂಗಳಿಗೆ ಬೀಗರು ಬಂದು ಬಾಣಂತಿಯನ್ನೂ ಕೂಸನ್ನೂ ಕರೆದೊಯ್ಯುತ್ತಾರೆ. ಆ ದಿನ ಅವರ ಮನೆಯ ಹೆಂಗಸರೆಲ್ಲ ಮೊದಲು ನೋಡುವುದು ಬಾಣಂತಿಯ ಮುಖ. ಮುಖ ತುಂಬಿಕೊಂಡು ಹೊಳೆಯುತ್ತಿದ್ದರೆ ತವರಿನವರು ಚೆನ್ನಾಗಿ ಬಾಣಂತನ ಮಾಡಿದ್ದಾರೆ. ಇಲ್ಲವಾದರೆ, ಸಜ್ಜಕ ತುಪ್ಪ ಎಲ್ಲ ಅವರೇ ತಿಂದರೇನೋ ಎಂಬ ಮಾತು.

“ಈ ಮುಖ ಹೊತಗೊಂಡ ಹೆಂಗ ಕಳಸ್ಲಿ?” ಅನ್ನುತ್ತಿದ್ದಳು ಅವ್ವ. “ನಾಕ ಮಂದಿಯಾಗ ನನ್ನ ಮರ್ಯಾದಿ ಹೋಗತೈತಿ.”

ಭಾವ ಪಕ್ಕದ ಮನೆಗೆ ಫೋನು ಮಾಡುತ್ತಿದ್ದ. ಅಕ್ಕ ಓಡಿಹೋಗಿ ಮಾತಾಡಿ ಬರುತ್ತಿದ್ದಳು. ಒಮ್ಮೆ ನಾಚಿಕೊಂಡೇ ಅವ್ವನೆದುರು ಅಂದಳು: “ಬಂಗ ಇದ್ರ ಇರ್ಲಿ, ನೀ ಬಾ ಅನ್ನಾಕತ್ತಾರ.”

“ಗಂಡಸರಿಗೇನ ತಿಳೀತೈತಿ? ಮುಖ ನೋಡೂರು ಹೆಣಮಕ್ಕಳು,” ಅಂದಳು ಅವ್ವ. ಕೂಸಿಗೆ ನೆಗಡಿ ಎಂದು ಒಂದು ಸಲ, ಅಮಾವಾಸ್ಯೆ ಎಂದು ಇನ್ನೊಂದು ಸಲ ಬೀಗರಿಗೆ ಹೇಳಿ ಕಳಿಸಿದಳು. ಅಕ್ಕ ಬಾಗಿಲಲ್ಲಿ ಕೂತು ಬಸ್ಸಿನ ಸದ್ದು ಕೇಳುತ್ತಿದ್ದಳು.

ಮೊದಲು ಬಂದದ್ದು ಕೇಸರಿ ಕ್ರೀಮು. ಬಂಗಾರದ ಮುಚ್ಚಳದ ಡಬ್ಬಿ, ಒಳಗೆ ಕೇಸರಿಯ ಎಸಳೂ ಇಲ್ಲ, ವಾಸನೆಯೂ ಇಲ್ಲ. ಆಮೇಲೆ ಅಥಣಿಯಿಂದ ಚೈನ್ ಮಾರ್ಕೆಟಿಂಗಿನ ಹೆಂಗಸೊಬ್ಬಳು ಬ್ಯಾಗು ಹೊತ್ತು ಬಂದಳು. ಮುಖ ತೊಳೆಯುವುದಕ್ಕೊಂದು ಬಾಟಲಿ, ತೊಳೆದ ಮೇಲೆ ಒರೆಸುವುದಕ್ಕೊಂದು, ಒರೆಸಿದ ಮೇಲೆ ಹಚ್ಚುವುದಕ್ಕೊಂದು. ಮೂರರದೂ ಒಂದೇ ವಾಸನೆ, ಮದುವೆ ಮನೆಯ ಪನ್ನೀರಿನದು. ಚಿಕ್ಕೋಡಿಯ ಪಾರ್ಲರಿನಲ್ಲಿ ಹಣ್ಣಿನ ಪೇಸ್ಟು ಬಳಿಸಿಕೊಂಡು ಬಂದ ದಿನ ಕೂಸು ತಾಯಿಯ ಕೆನ್ನೆ ನೆಕ್ಕಿತು. ಅದೊಂದೇ ಲಾಭ. ಬಂಗು ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಟ್ಯೂಬು. ಸೀರೆ ತರಲು ಅಕ್ಕನನ್ನೂ ಕರೆದುಕೊಂಡು ನಿಪ್ಪಾಣಿಗೆ ಹೋಗಿದ್ದಾಗ ಅವ್ವ ಒಂದು ಔಷಧದ ಅಂಗಡಿಯಲ್ಲಿ ಕೇಳಿದಳು. ಅಂಗಡಿಯವನು ಅಕ್ಕನ ಮುಖವನ್ನು ಸರಿಯಾಗಿ ನೋಡಲೂ ಇಲ್ಲ. “ಆಠ ದಿವಸಾತ ಫರಕ್ ಪಡತೋ, ತಾಯಿ,” ಎಂಟೇ ದಿನದಲ್ಲಿ ಗುಣ ಕಾಣುತ್ತದೆ ಎಂದು ಮರಾಠಿಯಲ್ಲಿ ಹೇಳಿ ಒಂದು ಸಣ್ಣ ಬಿಳಿ ಟ್ಯೂಬನ್ನು ತಳ್ಳಿದ.

ಹಚ್ಚಿದ ಮೊದಲ ಸಂಜೆಯೇ ಅಕ್ಕ, “ಉರೀತೈತಿ ಬೇ,” ಅಂದಳು.

ನಮ್ಮದು ದ್ರಾಕ್ಷಿಯ ಮನೆ. ಒಣಹಾಕಿದ ದ್ರಾಕ್ಷಿಗೆ ಶೆಡ್ಡಿನಲ್ಲಿ ಗಂಧಕದ ಹೊಗೆ ಕೊಡುತ್ತಾರೆ. ಆ ಹೊಗೆಗೆ ಕಣ್ಣು, ಗಂಟಲು ಉರಿದುಹೋಗುತ್ತದೆ, ಆದರೆ ಮಣೂಕ, ಅಂದರೆ ಒಣದ್ರಾಕ್ಷಿ, ಕಪ್ಪಾಗದೆ ಹಳದಿಯಾಗಿ ಹೊಳೆಯುತ್ತದೆ, ಒಳ್ಳೆಯ ದರ ಬರುತ್ತದೆ. ಅವ್ವ ಹುಟ್ಟಾ ಅದನ್ನೇ ನೋಡಿದವಳು. ಅವಳ ಮುಖ ಅರಳಿತು.

“ಉರಿಯಾಕತ್ತೇತಿ ಅಂದ್ರ ಔಷಧ ಹತ್ತೇತಿ. ಮಣೂಕಕ್ಕ ಬಣ್ಣ ಹೆಂಗ ಬರತೈತಿ? ತಡ್ಕೊ.”

“ಅವ್ವಾ, ಆಕಿ ದ್ರಾಕ್ಷಿ ಅಲ್ಲ ಬೇ,” ಅಂದೆ. ಅಪ್ಪ ನಕ್ಕ, ಅಕ್ಕನೂ ನಕ್ಕಳು. ನನ್ನ ಮಾತಿಗೆ ಆ ಮನೆಯಲ್ಲಿ ಸಿಗುತ್ತಿದ್ದ ಬೆಲೆ ಅಷ್ಟೇ, ಒಂದು ನಗು.

ಹೇಳಲು ಸಂಕಟವಾಗುತ್ತದೆ, ಟ್ಯೂಬು ಕೆಲಸ ಮಾಡಿತು. ಕೆಲವೇ ದಿನಗಳಲ್ಲಿ ಅಕ್ಕನ ಮುಖ ತೊಳೆದಿಟ್ಟ ಹಾಗಾಯಿತು. ಬೀಗರು ಬಂದರು. ಬೀಗತಿ ಅಕ್ಕನ ಗದ್ದ ಹಿಡಿದೆತ್ತಿ ಬೆಳಕಿಗೆ ತಿರುಗಿಸಿ ನೋಡಿ, “ಚಲೋ ಬಾಣಂತನ ಮಾಡೀರಿ ಬಿಡ್ರಿ,” ಅಂದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೂಸಿನ ಬಟ್ಟೆಯ ಕೆಳಗೆ ಇನ್ನೂ ಎರಡು ಟ್ಯೂಬು ಇಟ್ಟು ಕಳಿಸಿದಳು.

ಅವು ಮುಗಿದ ವಾರವೇ ಅಕ್ಕನ ಮುಖಕ್ಕೆ ಬೆಂಕಿ ಬಿದ್ದಂತಾಯಿತು. ಕೆಂಪು, ಸಣ್ಣ ಸಣ್ಣ ಗುಳ್ಳೆ, ಒಲೆಯ ಮುಂದೆ ನಿಲ್ಲಲಾಗದಷ್ಟು ಉರಿ, ಅದರಡಿಯಲ್ಲಿ ಮೊದಲಿಗಿಂತ ಕಪ್ಪಾದ ಬಂಗು. ಮತ್ತೆ ಟ್ಯೂಬು ಹಚ್ಚಿದರೆ ತಣ್ಣಗೆ. ಹೀಗೇ ವರ್ಷಗಳು ಕಳೆದವು. ಚರ್ಮ ತೆಳುವಾಗಿ ಒಳಗಿನ ನರಗಳು ಕಾಣತೊಡಗಿದವು, ಕೆನ್ನೆಯ ಮೇಲೆ ಕೂದಲು ಬಂತು. ನಾನೇ ಹಟ ಹಿಡಿದು ಮಿರಜಿಗೆ, ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಟ್ಯೂಬು ನೋಡಿ ತಲೆಯಾಡಿಸಿದರು. ಇದು ಮುಖಕ್ಕೆ ಹಚ್ಚುವುದಲ್ಲ, ಬಿಡಲೇಬೇಕು. ಬಿಟ್ಟರೆ ಕೆಲವು ತಿಂಗಳು ಮುಖ ಬಹಳ ಕೆಡುತ್ತದೆ, ತಡೆದುಕೊಂಡರೆ ಆಮೇಲೆ ನಿಧಾನಕ್ಕೆ ಸುಧಾರಿಸುತ್ತದೆ ಅಂದರು.

ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ಸೆರಗು ಅಡ್ಡ ಹಿಡಿದು ಕೂತಿದ್ದಳು. “ಯಾವ ತಿಂಗಳಾಗ ಬಿಡ್ಲಿ ಹೇಳು?” ಅಂದಳು. “ಬರೂ ತಿಂಗಳ ನಾದಿನಿ ನಿಶ್ಚಯ. ಆಮ್ಯಾಲ ಆಕಿ ಮದವಿ. ಅದಾದಮ್ಯಾಲ ಮೈದುನನ ಮನಿ ವಾಸ್ತು. ಆ ಮುಖ ಹೊತಗೊಂಡ ಆರತಿ ಹೆಂಗ ಹಿಡೀಲಿ?”

ನಾನು ಲೆಕ್ಕ ಹಾಕಿ ನೋಡಿದೆ. ನಿಜ, ಕಾರ್ಯವಿಲ್ಲದ ತಿಂಗಳು ಅವರ ಮನೆಯಲ್ಲಿ ಇರಲೇ ಇಲ್ಲ. ಬೈಯಬೇಕೆಂದುಕೊಂಡೆ, ಅತ್ತುಬಿಟ್ಟೆ.

ಈಗ್ಗೆ ಕೆಲವು ವರ್ಷಗಳ ಕೆಳಗೆ ಅವ್ವ ಹಾಸಿಗೆ ಹಿಡಿದಳು. ಕಣ್ಣಿಗೆ ಪೊರೆ ಬಂದು ಮುಖಗಳೆಲ್ಲ ಮಸುಕು. ಅಕ್ಕ ಸುದ್ದಿ ಕೇಳಿದವಳೇ ಉಟ್ಟ ಸೀರೆಯಲ್ಲಿ ಓಡಿ ಬಂದಿದ್ದಳು. ಟ್ಯೂಬು ಗಂಡನ ಮನೆಯಲ್ಲೇ ಉಳಿದಿತ್ತು. ನಾಲ್ಕಾರು ದಿನಕ್ಕೆ ಅವಳ ಮುಖ ಸುಟ್ಟ ಗಾಯದ ಹಾಗಾಯಿತು. ನಾನು ಅವ್ವನಿಗೆ ಗಂಜಿ ಕುಡಿಸುತ್ತಿದ್ದೆ, ಅಕ್ಕ ಕಾಲು ಒತ್ತುತ್ತಿದ್ದಳು. ಅವ್ವ ತಡಕಾಡಿ ಅವಳನ್ನು ಹತ್ತಿರ ಎಳೆದುಕೊಂಡು ಕೆನ್ನೆ ಸವರಿದಳು. ಉರಿಗೆ ಅಕ್ಕ ಹಲ್ಲು ಕಚ್ಚಿದ್ದು ನನಗೆ ಕಂಡಿತು.

“ಬಂಗ ಹೋತೇನವ್ವಾ?” ಕೇಳಿದಳು ಅವ್ವ.

ನಾನು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದಳು.

“ಹೋಗೇತಿ ಬೇ. ಒಂದೀಟೂ ಇಲ್ಲ,” ಅಂದಳು ತಾನೇ.

“ನಾ ಹೇಳಿದ್ದಿಲ್ಲೇನ?” ಅವ್ವ ಸಮಾಧಾನದಿಂದ ಕಣ್ಣು ಮುಚ್ಚಿದಳು. ಕೈ ಮಾತ್ರ ಕೆನ್ನೆಯ ಮೇಲೇ ಇತ್ತು. “ಹಚ್ಚೂದ ಬಿಡಬ್ಯಾಡ ನೋಡು.”

“ಇಲ್ಲವ್ವಾ,” ಅಂದಳು ಅಕ್ಕ, “ಬಿಡೂದಿಲ್ಲ.”