ವಲೆನ್ಸಿಯಾಕ್ಕೆ ಹೊರಟ ಬ್ಯಾಗು

ಹಂಪಿಗೆ ಹತ್ತಿರದ ಚಿತ್ತವಾಡ್ಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಟೀವಿಯ ಪಕ್ಕ, ಒಂದು ನೀಲಿ ಬ್ಯಾಗು ತಿಂಗಳುಗಟ್ಟಲೆ ಕೂತಿತ್ತು. ಅದು ಕಂಪ್ಲಿಯಲ್ಲಿರುವ ನನ್ನ ಅಣ್ಣನದು. ಬಂದವರೆಲ್ಲ, "ಎಲ್ಲಿಗರ ಹೊಂಟೀರೇನ್ರಿ?" ಎಂದು ಕೇಳುತ್ತಿದ್ದರು. ಮೊದಮೊದಲು ನಾನು ಎದೆಯುಬ್ಬಿಸಿ, "ಸ್ಪೇನಿಗೆ ರೀ, ವಲೆನ್ಸಿಯಾ ಅಂತ ದೊಡ್ಡ ಊರು, ಅಣ್ಣಾನೂ ನಾನೂ" ಎನ್ನುತ್ತಿದ್ದೆ. ಆಮೇಲಾಮೇಲೆ ಅದೇ ಪ್ರಶ್ನೆ ಕೇಳಿದರೆ ಮೈ ಉರಿಯತೊಡಗಿತು. ಕೊನೆಗೆ ಹೆಂಡತಿ ಅದರ ಮೇಲೊಂದು ಹಳೆಯ ಸೀರೆ ಹೊದಿಸಿದಳು. ಅದನ್ನು ಅಟ್ಟಕ್ಕೆ ಹಾಕಲು ಮನಸ್ಸು ಬರಲಿಲ್ಲ, ಕಂಪ್ಲಿಗೆ ವಾಪಸ್ ಕಳಿಸುವ ಹಾಗೂ ಇರಲಿಲ್ಲ.

ನಾನು ಹಂಪಿಯಲ್ಲಿ ಗೈಡು. ಸ್ಪ್ಯಾನಿಷ್ ಭಾಷೆಯನ್ನು ಬಂದವರ ಬಾಯಿಂದಲೇ ಹೆಕ್ಕಿ ಕಲಿತವನು. ನನ್ನ ಸ್ಪ್ಯಾನಿಷ್ ವಿರೂಪಾಕ್ಷನ ಗೋಪುರದಿಂದ ಹೊರಟು ಕಲ್ಲಿನ ರಥದವರೆಗೆ ಸಲೀಸಾಗಿ ನಡೆಯುತ್ತದೆ. ಅಲ್ಲಿಂದಾಚೆ ಒಂದು ಲೋಟ ನೀರು ಕೇಳಬೇಕೆಂದರೂ ತಡವರಿಸುತ್ತದೆ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ನನ್ನ ಪಾಂಡಿತ್ಯವೂ ಅಷ್ಟೇ. ಆದರೆ ಅಣ್ಣನಿಗೆ ಮಾತ್ರ ನನ್ನ ಮೇಲೆ ಭಾರಿ ಹೆಮ್ಮೆ.

ಕೆಲವು ವರ್ಷಗಳ ಹಿಂದೆ ವಲೆನ್ಸಿಯಾದ ಹೆಂಗಸೊಬ್ಬಳು ಬಂದಿದ್ದಳು. ಗುಡಿಗಳನ್ನು ಅರ್ಧಕ್ಕೇ ಬಿಟ್ಟು ಭತ್ತದ ಗದ್ದೆ ತೋರಿಸು ಎಂದಳು. ಅವಳ ಅಪ್ಪ ಅವ್ವ ಆ ಪಟ್ಟಣದ ಹೊರಗಿನ ಕೆರೆಯಂಚಿನಲ್ಲಿ ಭತ್ತ ಬೆಳೆಯುವವರಂತೆ. ಸ್ಪೇನಿನಲ್ಲಿ ಭತ್ತವೇ ಎಂದು ನನಗೇ ನಂಬಿಕೆ ಬರಲಿಲ್ಲ. ಕಂಪ್ಲಿಗೆ ಕರೆದುಕೊಂಡು ಹೋದೆ. ಅಣ್ಣನ ಗದ್ದೆಯಲ್ಲಿ ನಾಟಿ ನಡೆದಿತ್ತು. ಆಕೆ ಚಪ್ಪಲಿ ಬಿಟ್ಟು ಕೆಸರಿಗಿಳಿದೇಬಿಟ್ಟಳು. ಆಮೇಲೆ ಕಾಲುವೆಯ ದಂಡೆಯ ಮೇಲೆ ಚಹಾ ಕುಡಿಯುತ್ತ ತನ್ನ ಊರಿನ ಒಂದು ಸಂಗತಿ ಹೇಳಿದಳು. ನಾನು ನನ್ನ ಮುರುಕು ಭಾಷೆಯಲ್ಲಿ ಅದನ್ನು ಅಣ್ಣನಿಗೆ ದಾಟಿಸಿದೆ.

ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಊರಿನ ದೊಡ್ಡ ಚರ್ಚಿನ ಬಾಗಿಲಲ್ಲಿ ರೈತರು ಪಂಚಾಯಿತಿ ಕೂರುತ್ತಾರೆ. ಒಂದೊಂದು ಕಾಲುವೆಗೆ ಒಬ್ಬೊಬ್ಬ ಹಿರಿಯ. ನೀರಿನ ತಕರಾರು ಇದ್ದವರು ಬಂದು ಬಾಯಲ್ಲೇ ಹೇಳಬೇಕು. ವಕೀಲರಿಲ್ಲ, ಅರ್ಜಿಯಿಲ್ಲ. ಅಲ್ಲಿಯೇ ಕೇಳಿ ಅಲ್ಲಿಯೇ ತೀರ್ಪು. ನೂರಾರು ವರ್ಷಗಳಿಂದ ಹೀಗೇ ನಡೆದಿದೆ.

"ಪೊಲೀಸ್ರು ಬರಂಗಿಲ್ಲೇನು?" ಎಂದ ಅಣ್ಣ.

"ಇಲ್ಲಂತ."

"ಸೋತಾವ ಕೇಳ್ತಾನಂತೇನು?"

"ಕೇಳ್ತಾನಂತ. ದಂಡ ಕೊಟ್ಟು ಮನಿಗೆ ಹೋಗ್ತಾನಂತ."

ಅಣ್ಣ ಕಪ್ಪು ಕೆಳಗಿಟ್ಟು ಬಾಜು ಹೊಲದ ಕಡೆ ನೋಡಿದ. ಯಾಕೆಂದು ನನಗೆ ಗೊತ್ತಿತ್ತು. ಅವನ ಕಾಲುವೆಯ ರೈತರಲ್ಲಿ ಅವನೇ ಹಿರಿಯ. ನೀರಿನ ಪಾಳಿಗೆ ಜಗಳ ಹತ್ತಿದರೆ ಬೇವಿನ ಮರದ ಕೆಳಗೆ ಅವನನ್ನೇ ಕೂರಿಸಿ ನ್ಯಾಯ ಕೇಳುತ್ತಾರೆ. ಒಮ್ಮೆ ತನ್ನ ಗೆಳೆಯನ ವಿರುದ್ಧವೇ ನ್ಯಾಯ ಹೇಳಬೇಕಾಗಿ ಬಂತು. ಬಾಜು ಹೊಲದವನು, ಚಡ್ಡಿ ಹಾಕದ ಕಾಲದಿಂದ ಜೊತೆಗಿದ್ದವನು. ಅಣ್ಣ ಹೇಳಿದ್ದು ಸರಿಯಾಗಿಯೇ ಇತ್ತು, ಊರೂ ಒಪ್ಪಿತು. ಗೆಳೆಯ ಮಾತ್ರ ಅಂದಿನಿಂದ ಮಾತು ಬಿಟ್ಟ. ಇಬ್ಬರದೂ ಒಂದೇ ಬದು, ಒಂದೇ ದಾರಿ. ಎದುರಾದರೆ ಅವನು ಮುಖ ತಿರುಗಿಸಿಕೊಂಡು ಹೋಗುತ್ತಾನೆ.

ಆಕೆಯನ್ನು ಬಸ್ ಹತ್ತಿಸಿ ಬಂದ ಮೇಲೆ ಅಣ್ಣ, "ನಾ ಅಲ್ಲಿಗೆ ಹೋಗ್ಬೇಕಲೇ" ಎಂದ.

"ಏನು, ಚರ್ಚ್ ನೋಡಾಕ?"

"ಚರ್ಚ್ ತಗಂಡು ಏನ್ಮಾಡ್ಲಿ? ಸೋತಾವನ ಮುಖ ನೋಡ್ಬೇಕು. ನ್ಯಾಯ ಹೇಳಿದಾವನ್ನ ನೋಡಿ ಹೋಗ್ತಾನೋ, ಮುಖ ತಿರುವಿ ಹೋಗ್ತಾನೋ, ಅದೊಂದು ನೋಡ್ಬೇಕು."

ಹಾಗೆ ನಮ್ಮ ಪ್ರಯಾಣದ ಮಾತು ಶುರುವಾಯಿತು. ಪಾಸ್‌ಪೋರ್ಟು ಮಾಡಿಸಿದೆವು. ಆದರೆ ಹೋಗುವುದು ಯಾವಾಗ? ಅವನ ಮೊದಲ ಬೆಳೆ ಮನೆಗೆ ಬರುವ ಹೊತ್ತಿಗೆ ಹಂಪಿಯಲ್ಲಿ ನನ್ನ ಸೀಜನ್. ನನ್ನ ಸೀಜನ್ ಮುಗಿಯುವ ಹೊತ್ತಿಗೆ ಅವನ ಎರಡನೇ ಬೆಳೆ ತೆನೆಗೆ ಬಂದು, ನೀರಿಗೆ ಕಾವಲು ಬೀಳುವ ಸಮಯ. ಪ್ರತಿ ವರ್ಷ 'ಬರೋ ವರ್ಷ' ಎನ್ನುತ್ತಿದ್ದೆವು. ಬರೋ ವರ್ಷ ಎಂಬುದು ನಮ್ಮ ಮನೆಯಲ್ಲಿ ಒಂದು ಊರಿನ ಹೆಸರಿನ ಹಾಗೆ ಆಗಿಹೋಯಿತು. ಒಂದು ಸೀಜನ್ ಬಿಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಹಂಪಿಯ ಕಲ್ಲುಗಳು ನಾನಿಲ್ಲದಿದ್ದರೂ ಅಲ್ಲೇ ಇರುತ್ತಿದ್ದವು.

ಆಮೇಲೆ ಕಾಲುವೆಗೆ ನೀರು ಬಿಡುವ ಡ್ಯಾಮಿನ ಗೇಟು ಬದಲಿಸುವ ಕೆಲಸ ಬಂತು. ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದರು. ಕಂಪ್ಲಿಗೆ ಕಂಪ್ಲಿಯೇ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅಣ್ಣ ಫೋನ್ ಮಾಡಿ, "ನೀರಿಲ್ಲ, ಪಾಳಿ ಇಲ್ಲ, ಜಗಳ ಇಲ್ಲ. ಈಗ ಹೋಗಾಣೇನಲೇ?" ಎಂದ. ಆ ದನಿಯಲ್ಲಿ ರಜೆ ಸಿಕ್ಕ ಹುಡುಗನ ಗೆಲುವಿತ್ತು.

ಬೆಂಗಳೂರಿಗೆ ಹೋಗಿ ವೀಸಾ ಕೆಲಸ ಮುಗಿಸಿದೆವು. ಅಣ್ಣನಿಗೆ ಸ್ವೆಟರ್ ಕೊಂಡೆವು. ಅಲ್ಲಿನ ಊಟದ ಬಗ್ಗೆ ಕೇಳಿದ. ಆ ಊರಿನ ಹೆಸರುವಾಸಿ ಅನ್ನದಲ್ಲಿ ಮಾಂಸದ ಜೊತೆ ಬಸವನಹುಳುವನ್ನೂ ಹಾಕುತ್ತಾರೆ ಎಂದೆ. ಅಣ್ಣ ಲಿಂಗ ಕಟ್ಟಿಕೊಂಡವನು. ಕಣ್ಣರಳಿಸಿ ನೋಡಿ, "ಎಲ್ಲಾ ಬಿಟ್ಟು ಬಸವನಹುಳಾನ ಬೇಕಿತ್ತೇನಲೇ ಅವ್ರಿಗೆ!" ಎಂದು ಬಿದ್ದು ಬಿದ್ದು ನಕ್ಕ. ಅತ್ತಿಗೆ ಅಂದೇ ಖಡಕ್ ರೊಟ್ಟಿ ಬಡಿಯಲು ಕುಳಿತಳು.

ಅತ್ತಿಗೆಯ ತವರು ಸಂಡೂರು ಕಡೆಯ ಚೋರನೂರು. ಮಳೆಯನ್ನೇ ನಂಬಿದ ಊರು. ಅಲ್ಲಿಯವರು ಪಂಚಾಂಗ ಕೇಳದೆ ಹೊಲಕ್ಕೆ ಕಾಲಿಡುವವರಲ್ಲ. ನಾವು ಹೊರಡುವ ದಿನ ಅಮಾವಾಸ್ಯೆಯ ಮರುದಿನ ಬಿದ್ದಿದೆ ಎಂದು ಗೊತ್ತಾದದ್ದೇ ತಡ, ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಟಿಕೆಟ್ ಬದಲಿಸಲು ಆಗುವುದಿಲ್ಲ ಎಂದು ನಾನೆಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವಳೇ ದಾರಿ ಹುಡುಕಿದಳು.

"ಪಸ್ತಾನ ಇಡಾಣ ಬಿಡಪ್ಪಾ" ಎಂದಳು.

ಪ್ರಸ್ಥಾನ ಎಂದರೆ ಇಷ್ಟೇ. ಹೊರಡುವವನ ಬಟ್ಟೆಗಂಟನ್ನು ಒಳ್ಳೆಯ ದಿನ ನೋಡಿ ಬೇರೊಂದು ಮನೆಯಲ್ಲಿ ಇಟ್ಟು ಬಂದರೆ ಅವನು ಅವತ್ತೇ ಹೊರಟ ಲೆಕ್ಕ. ಆಮೇಲೆ ದೇಹ ಯಾವ ದಿನ ಹೊರಟರೂ ದೋಷವಿಲ್ಲ. ಆದರೆ ಹಾಗೆ ಹೊಸಿಲು ದಾಟಿದ ಗಂಟು ಪ್ರಯಾಣ ಮುಗಿಸದೆ ವಾಪಸ್ ಬರಬಾರದು. ಬಂದರೆ ಆ ಮನುಷ್ಯನಿಗೆ ಒಳ್ಳೆಯದಾಗುವುದಿಲ್ಲ. ಹೀಗೆ ಅಣ್ಣನ ನೀಲಿ ಬ್ಯಾಗು, ಕುಂಕುಮ ಹಚ್ಚಿಸಿಕೊಂಡು, ಅಣ್ಣನಿಗಿಂತ ಮೊದಲು ವಲೆನ್ಸಿಯಾಕ್ಕೆ ಹೊರಟು ಚಿತ್ತವಾಡ್ಗಿಯವರೆಗೆ ಬಂತು. ಅತ್ತಿಗೆ ನೆಮ್ಮದಿಯಿಂದ ಮತ್ತೆ ರೊಟ್ಟಿ ಬಡಿದಳು.

ಹೊರಡಲು ಇನ್ನು ಕೆಲವೇ ದಿನ ಇತ್ತು. ಅಣ್ಣ ಬೆಳಿಗ್ಗೆ ಒಣಗಿದ ಕಾಲುವೆ ನೋಡಲು ಹೋದವನು ದಂಡೆಯ ಮೇಲೆ ಕುಸಿದು ಕುಳಿತ. ಲಕ್ವ ಹೊಡೆದಿತ್ತು. ಮೊದಲು ಕಂಡವನು ಮಾತು ಬಿಟ್ಟ ಗೆಳೆಯನೇ ಅಂತೆ. ಅವನೇ ಓಡಿಹೋಗಿ ಟಂಟಂ ಆಟೋ ತಂದು ಆಸ್ಪತ್ರೆಗೆ ಸೇರಿಸಿದ. ಆದರೆ ನಾವು ತಲುಪುವಷ್ಟರಲ್ಲಿ ಆ ಗೆಳೆಯ ಮನೆಗೆ ಹೊರಟುಹೋಗಿದ್ದ. ಆಮೇಲೆ ನೋಡಲಿಕ್ಕೂ ಬರಲಿಲ್ಲ.

ಅಣ್ಣ ಉಳಿದ. ಕೋಲು ಹಿಡಿದು ನಡೆಯುವಷ್ಟು ಆದ. ಆದರೆ ಬಲಗೈ ಎದ್ದೇಳಲಿಲ್ಲ, ಮುಖದ ಒಂದು ಬದಿ ಜೋತುಬಿತ್ತು. ಊರಿಗೆಲ್ಲ ಬಾಯಲ್ಲೇ ನ್ಯಾಯ ಹೇಳುತ್ತಿದ್ದವನಿಗೆ ಒಂದೊಂದು ಮಾತೂ ಕಲ್ಲು ಎತ್ತಿಟ್ಟ ಹಾಗೆ ಬರತೊಡಗಿತು. ಬೇವಿನ ಮರದ ಕೆಳಗೆ ಈಗ ಬೇರೆ ಯಾರೋ ಕೂರುತ್ತಾರೆ.

ನಾನು ಹೋದಾಗಲೆಲ್ಲ ವಲೆನ್ಸಿಯಾದ ಮಾತು ಎತ್ತದೆ ಏನೇನೋ ಹರಟುತ್ತಿದ್ದೆ. ಗೈಡಿಗೆ ಮಾತಿಗೇನು ಬರ? ಒಂದು ದಿನ ಅತ್ತಿಗೆಯೇ ನನ್ನನ್ನು ಅಡುಗೆಮನೆಗೆ ಕರೆದು, "ಆ ಬ್ಯಾಗು ನಿಮ್ಮ ಮನ್ಯಾಗ ಐತಿ ಅಂತ ನಂಗ ನಿದ್ದಿ ಬರವಲ್ದಪ್ಪಾ. ಇವ್ರು ಅರ್ಧ ದಾರ್‍ಯಾಗ ನಿಂತಂಗ ಆಗೇತಿ" ಎಂದಳು.

"ಹಂಗಾರ ತಂದುಬಿಡ್ಲೇನು?"

"ಅಯ್ಯೋ, ಹಂಗ ತರಬ್ಯಾಡ! ಎಲ್ಲೇರ ನೀರು ದಾಟಿಸಿ ತರಬೇಕು. ಸಮುದ್ರ ಅಲ್ಲದಿದ್ರ ಹೊಳಿನರ ದಾಟ್ಲಿ. ಹೋಗಿಬಂದಂಗಾಗ್ತದ."

ಬೇರೆ ಯಾರಾದರೂ ಹೇಳಿದ್ದರೆ ನಗುತ್ತಿದ್ದೆನೋ ಏನೋ. ಅವಳೇ ದಿನ ಗೊತ್ತುಮಾಡಿದಳು. ಮಳೆಗಾಲ ಹಿಡಿಯುವ ಮುಂಚೆ, ಹೊಳೆ ತಗ್ಗಾಗಿದ್ದಾಗ, ಅಣ್ಣ ಅತ್ತಿಗೆ ಕಂಪ್ಲಿಯಿಂದ ಹಂಪಿಗೆ ಬಂದರು. ನಾನು ಮನೆಯಿಂದ ಬ್ಯಾಗು ತಂದೆ. ತಳವಾರಘಟ್ಟದಲ್ಲಿ ದೋಣಿ ಹತ್ತಿದೆವು. ಅಣ್ಣ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಗಟ್ಟಿಯಾಗಿ ಹಿಡಿದಿದ್ದ. ದೋಣಿಯವನು, "ಯಾವೂರಿಗ್ರಿ ಯಜಮಾನ್ರು?" ಎಂದ. ನಾನು ಆಚೆ ದಡಕ್ಕೆ ಕೈ ತೋರಿಸಿದೆ.

ಆಚೆ ದಡದಲ್ಲಿ ನೆರಳಿರುವ ಬಂಡೆ ನೋಡಿ ಅಣ್ಣನನ್ನು ಕೂಡಿಸಿದೆವು. ಅತ್ತಿಗೆ ಬುತ್ತಿ ಬಿಚ್ಚಿದಳು. ಸುಮ್ಮನಿರಲಾರದೆ ನಾನು ದೂರದ ಒಂದು ಹಾಳು ಮಂಟಪ ತೋರಿಸಿ, "ಅಣ್ಣಾ, ಅದ ಚರ್ಚ್ ಅನ್ಕ. ಅದರ ಬಾಗ್ಲಾಗ ಎಲ್ಲರೂ ಕುಂತಾರ" ಎಂದೆ. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನಿಸಿತು.

ಅಣ್ಣ ಬಹಳ ಹೊತ್ತು ಮಂಟಪವನ್ನೇ ನೋಡಿದ. ಆಮೇಲೆ, "ಗು...ರುವಾರ" ಎಂದ.

ಹೌದಲ್ಲ! ಅತ್ತಿಗೆ ಒಳ್ಳೆಯ ದಿನವೆಂದು ಆರಿಸಿದ್ದು ಗುರುವಾರವನ್ನೇ. ನನಗೆ ಹೊಳೆದೇ ಇರಲಿಲ್ಲ. ಹೊತ್ತು ನಡುನೆತ್ತಿಗೆ ಬಂದಿತ್ತು. ಅಲ್ಲಿ ಆಗಿನ್ನೂ ಬೆಳಗಿನ ಹೊತ್ತು, ಪಂಚಾಯಿತಿ ಕೂರಲು ಸಮಯವಿತ್ತು.

"ಹೌದಣ್ಣಾ. ಇವತ್ತು ಕುಂದರ್ತಾರ" ಎಂದೆ.

ಅವನು ಬ್ಯಾಗಿನ ಮೇಲಿದ್ದ ಎಡಗೈ ಎತ್ತಿ ತನ್ನ ಜೋತುಬಿದ್ದ ಕೆನ್ನೆ ಮುಟ್ಟಿಕೊಂಡ. "ಸೋ...ತಾವನ ಮು...ಖ" ಎಂದ. ಮುಖದ ಒಂದೇ ಬದಿ ನಗುತ್ತಿತ್ತು. ಅತ್ತಿಗೆಯ ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಉಳಿಯಿತು. ನನಗೆ ತಡೆಯಲಾಗಲಿಲ್ಲ, ಹೊಳೆಯ ಕಡೆ ಮುಖ ತಿರುಗಿಸಿದೆ.

ಹಿಂದಿನಿಂದ ಅವನು ನನ್ನ ಅಂಗಿ ಹಿಡಿದು ಎಳೆದ.

"ನೋ...ಡಲೇ" ಎಂದ.

ತಿರುಗಿ ನೋಡಿದೆ.