ಹುಳ ಹೋದ ಮೇಲಿನ ತುರಿಕೆ

ನನಗೆ ಕಜ್ಜಿಯಾಗಿತ್ತು. ಇಷ್ಟು ಬರೆಯುವುದರೊಳಗೆ ಪೆನ್ನಿನ ಮುಚ್ಚಳ ಎರಡು ಸಲ ಹಾಕಿ ತೆಗೆದೆ. ರಾಣೆಬೆನ್ನೂರಿನ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದಾಗ ಬೆಳಗಿನ ಪ್ರಾರ್ಥನೆಗೆ ಮೊದಲು ಹುಡುಗಿಯರ ಕೈ ಚಾಚಿಸಿ, ಬೆರಳಸಂದಿ ನೋಡುತ್ತಿದ್ದವಳು ನಾನು. ನಿವೃತ್ತಳಾಗಿ ಹಾವೇರಿಗೆ ಬಂದ ಮೇಲೂ ಬೆಳಗಿನ ಸ್ನಾನ, ಒಗೆದ ಸೀರೆ ತಪ್ಪಿಲ್ಲ. ಚರ್ಮ ಕೊರೆದು ಒಳಸೇರುವ ಕಜ್ಜಿಯ ಹುಳಕ್ಕೆ ಅದರ ಗೊಡವೆಯೇ ಇರಲಿಲ್ಲ. ಮಿಂದವರ ಚರ್ಮವೂ ಅದಕ್ಕೆ ರುಚಿಯೇ.

ಬ್ಯಾಡಗಿಯಲ್ಲಿ ಮಗಳು ಆಗಷ್ಟೇ ಹೆತ್ತಿದ್ದಳು. ಗುಣವಾಗುವವರೆಗೆ ಮೊಮ್ಮಗಳನ್ನು ಮುಟ್ಟಕೂಡದೆಂದು ನನಗೆ ನಾನೇ ಕಟ್ಟಪ್ಪಣೆ ಹಾಕಿಕೊಂಡೆ. ಮುಲಾಮನ್ನು ಮೈಗೆಲ್ಲ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಹಚ್ಚಿ ಎಂದಿದ್ದರು ಡಾಕ್ಟರು. ಹಚ್ಚಿದರೂ ತುರಿಕೆ ನಿಲ್ಲಲಿಲ್ಲ. ತುರಿಕೆ ಇದೆಯೆಂದರೆ ಹುಳವೂ ಇದೆ ಎಂದು ತಿಳಿದು ದಿನಾ ಸ್ನಾನವಾದ ಮೇಲೆ ಹಚ್ಚತೊಡಗಿದೆ. ಒಳ್ಳೆಯ ಕೆಲಸವನ್ನು ವಾರಕ್ಕೊಮ್ಮೆ ಮಾಡಿ ನನಗೆ ರೂಢಿಯಿಲ್ಲ. ಹಚ್ಚಿದಷ್ಟೂ ಉರಿ, ಉರಿದಷ್ಟೂ ಮುಲಾಮು. ಮಗಳ ಮನೆಗೆ ಹೋದರೆ ತೊಟ್ಟಿಲಿಂದ ದೂರ, ಬಾಗಿಲ ಬಳಿ ಕುಳಿತು ಬರುತ್ತಿದ್ದೆ.

ಕೊನೆಗೆ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು. ಹಾವೇರಿಯಲ್ಲಿ ದವಾಖಾನೆ ಇಟ್ಟಿದ್ದರೂ ಆಕೆಯ ಹುಟ್ಟೂರು ಬ್ಯಾಡಗಿ.

"ಹುಳ ಸತ್ತು ಹೋಗ್ಯಾವ್ರಿ ಅಮ್ಮಾರ. ದಿನಾ ಮುಲಾಮು ಹಚ್ಚಿ ನೀವ ಚರ್ಮಾ ಸುಡಾಕತ್ತೀರಿ."

"ಮತ್ತ ತುರಿಕಿ ಯಾಕ್ರಿ?"

"ನಮ್ಮೂರಾಗ ಮೆಣಸಿನಕಾಯಿ ಚೀಲ ಲಾರಿ ಹತ್ತಿ ಹೋದ ಮ್ಯಾಲೂ ಸೀನು ನಿಲ್ಲತೈತೇನ್ರಿ? ಧೂಳು ಉಳದಿರತೈತಿ."

ತುರಿಕೆ ಹುಳದ ಕಡಿತಕ್ಕಿಂತ ಹೆಚ್ಚಾಗಿ ನಮ್ಮ ಚರ್ಮದ ಪ್ರತಿಭಟನೆಯಂತೆ. ಮೊದಲ ಸಲ ಹುಳ ಹೊಕ್ಕಾಗ ದೇಹದ ರೋಗನಿರೋಧಕ ಶಕ್ತಿಗೆ ಅದನ್ನು ಗುರುತಿಸಲು ವಾರಗಳೇ ಬೇಕು. ಗುರುತಿಸಿದ ಮೇಲೆ, ಹುಳ ಸತ್ತರೂ ಅದರ ಕಸ ಒಳಗಿರುವ ತನಕ ಗಲಾಟೆ ಬಿಡುವುದಿಲ್ಲ. ಕೇಳುತ್ತ ಕೇಳುತ್ತ ನನಗೆ ನನ್ನ ಚರ್ಮದ ಮೇಲೆ ಮಮತೆ ಹುಟ್ಟಿತು. ಕಳ್ಳರು ಬಂದದ್ದು ತಿಳಿಯದೆ ಮಲಗಿದ್ದು, ಅವರು ಹೋದ ಮೇಲೂ ಸೀಟಿ ಊದುವ ವಾರ್ಡನ್ ಅದು. ನನ್ನದೇ ಚರ್ಮ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

"ಹಂಗಾರ ಕೂಸನ್ನ ಎತ್ಕೋಬಹುದೇನ್ರಿ?" ಎಂದೆ.

"ಇವತ್ತ ಎತ್ಕೋರಿ."

ಅಲ್ಲಿಂದಲೇ ಬ್ಯಾಡಗಿಯ ಬಸ್ಸು ಹತ್ತಿದೆ. ಹೋಗಿ, ರೂಢಿಯಂತೆ ಬಾಗಿಲಲ್ಲೇ ಕುಳಿತೆ. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿದ ಮಗಳು, "ಇನ್ನ ಯಾಕ ಅಲ್ಲಿ ಕುಂತಿ ಯವ್ವಾ? ತಗೋ," ಎಂದು ಕೂಸನ್ನು ಮಡಿಲಿಗೇ ಹಾಕಿದಳು. ಬಿಸಿಬಿಸಿ ಮೈ, ಮುಷ್ಟಿ ಬಿಗಿದ ಕೈ. ಆಗ ನನ್ನ ಮೊಣಕೈ ತುರಿಸಿತು. ತುರಿಸಲಿ ಎಂದು ಬಿಟ್ಟೆ. ಎರಡೂ ಕೈಗೆ ಕೆಲಸವಿತ್ತು.